ಗಡಿಯಾರ ಮುಟ್ಟಿದವರು ಯಾರು?

ಗಡಿಯಾರ ಕೆಟ್ಟಿದೆ ಅಂತ ಕಾರನ್ನು ಗ್ಯಾರೇಜಿಗೆ ತರುವವರು ಇಲ್ಲವೆಂದೇ ಹೇಳಬೇಕು. ಹಾರ್ನ್ ಕೂಗದಿದ್ದರೆ ಬರುತ್ತಾರೆ. ವೈಪರ್ ಆಡದಿದ್ದರೆ ಮುಂಗಾರಿನ ಮೊದಲ ಮಳೆಗೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಸೆಲ್ಫ್ ಹೊಡೆಯದಿದ್ದರೆ ನಾಲ್ಕು ಜನರಿಂದ ನೂಕಿಸಿಕೊಂಡಾದರೂ ಬರುತ್ತಾರೆ. ಗಡಿಯಾರದ ಮಾತು ಬಂದರೆ ಮಾತ್ರ, ‘ಅದಿರಲಿ ಬಿಡಿ, ಕೈಯಲ್ಲಿ ವಾಚಿದೆಯಲ್ಲ’ ಅಂದುಬಿಡುತ್ತಾರೆ. ಹಾಸನದಲ್ಲಿ ಅಪ್ಪ ನಡೆಸುತ್ತಿದ್ದ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಾನು ಬೆಳೆದದ್ದು. ನಮ್ಮಲ್ಲಿಗೆ ಬರುತ್ತಿದ್ದ ಅಂಬಾಸಿಡರ್, ಫಿಯೆಟ್, ಜೀಪುಗಳ ಡ್ಯಾಶ್‌ಬೋರ್ಡಿನಲ್ಲಿ ಗಡಿಯಾರ ನೋಡಿದ ನೆನಪೇ ನನಗಿಲ್ಲ. ಇದ್ದದ್ದು ಅಪರೂಪಕ್ಕೆ ಬರುವ ವಿದೇಶಿ ಗಾಡಿಗಳಲ್ಲಿ. ಅವುಗಳಲ್ಲೂ ಹೆಚ್ಚಿನವು ಯಾವಾಗಲೋ ನಿಂತು, ಮುಳ್ಳುಗಳ ಮೇಲೆ ಧೂಳು ಕೂತಿರುತ್ತಿತ್ತು.

ಸಕಲೇಶಪುರದ ಕಡೆಯ ಒಬ್ಬ ಕಾಫಿ ಸಾಹುಕಾರರು ಮಾತ್ರ ಗಡಿಯಾರಕ್ಕಾಗಿಯೇ ಗಾಡಿ ತಂದರು. ಅದು 1970ರ ದಶಕದ ನಡುಭಾಗ. ಅವರದು 1960ರ ದಶಕದ ಆರಂಭದ ಅಮೆರಿಕನ್ ಕಾರು. ಸ್ಟೀರಿಂಗ್ ಎಡಕ್ಕೆ, ಬಾನೆಟ್ಟು ನಮ್ಮ ಅಂಗಡಿಯ ಶೆಟರ್‌ಗಿಂತ ಅಗಲ. ರಾಯಭಾರ ಕಚೇರಿಯವರು ಬಿಟ್ಟುಹೋದ ಇಂಥ ಗಾಡಿಗಳನ್ನು ಆಗ ಸರ್ಕಾರದ ಎಸ್‌ಟಿಸಿ (ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್) ಮಾರುತ್ತಿತ್ತು. ಹಾಗೆ ಕೈ ಬದಲಾಯಿಸುತ್ತ ಮಲೆನಾಡು ಸೇರಿದ ಗಾಡಿ ಅದು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ದರ ಏರಿದ್ದೇ ತಡ, ಅಂಥ ಗಾಡಿಗಳ ಓಡಾಟ ನಿಂತಿತು. ಕೆಲವರು ಇಂಜಿನ್ನನ್ನೇ ಇಳಿಸಿ ಡೀಸೆಲ್ ಇಂಜಿನ್ ಕೂರಿಸಿಕೊಂಡರು. ಈ ಸಾಹುಕಾರರು ಅದಕ್ಕೊಪ್ಪದೆ, ಮದುವೆ-ಮುಂಜಿಗೆ, ಕೋರ್ಟು-ಕಚೇರಿಗೆ ಮಾತ್ರ ಹೊರತೆಗೆಯುತ್ತಿದ್ದರು. ಉಳಿದ ದಿನ ಗಾಡಿ ಶೆಡ್ಡಿನಲ್ಲಿ.

‘ನಿಂತೇ ಹೋಗಿದ್ರೆ ನಾನು ತಲೆ ಕೆಡಿಸ್ಕೊತಿರಲಿಲ್ಲ ಕಣಯ್ಯ. ಓಡುತ್ತೆ, ಆದ್ರೆ ನಂಬಂಗಿಲ್ಲ. ಮಳೆಗಾಲದಲ್ಲಿ ನಿಂತ್ಕೊಳುತ್ತೆ, ಬೇಸಿಗೇಲಿ ಓಡಿಹೋಗುತ್ತೆ’ ಅಂದರು ಅಪ್ಪನಿಗೆ.

ಈ ಮಾತಿನಲ್ಲಿ ರೋಗದ ಅರ್ಧ ಲಕ್ಷಣವಿತ್ತು. ಅಪ್ಪ ಅದನ್ನು ಹಿಡಿದ. ‘ಮಳೆಗಾಲದಲ್ಲಿ ಗಾಡಿ ಎಷ್ಟು ದಿನ ನಿಂತಿರುತ್ತೆ?’ ಎಂದು ಕೇಳಿದ್ದು ಸಾಹುಕಾರರನ್ನಲ್ಲ, ಡ್ರೈವರನ್ನು. ಜೂನ್‌ನಿಂದ ಆಗಸ್ಟ್‌ವರೆಗೆ ಗಾಡಿ ಅಲುಗುವುದೇ ಕಡಿಮೆ, ಬ್ಯಾಟರಿ ಇಳಿದಾಗ ಬಿಚ್ಚಿ ಎಸ್ಟೇಟಿನ ಜೀಪಿನಲ್ಲಿ ಚಾರ್ಜಿಗೆ ಕಳಿಸುತ್ತೇವೆ ಅಂದ ಆತ. ಅಪ್ಪ ತಲೆಯಾಡಿಸಿ ಟೆಸ್ಟ್ ಲ್ಯಾಂಪ್ ತೆಗೆದ.

ಆ ಕಾಲದ ಕಾರಿನ ಗಡಿಯಾರ ಹೇಗೆ ಓಡುತ್ತಿತ್ತು ಎಂದು ಈಗಿನವರಿಗೆ ಹೇಳಲೇಬೇಕು. ಕಾರು ಹುಟ್ಟಿದ ಹೊಸತರಲ್ಲಿ ಕೈಯಿಂದ ಕೀ ಕೊಡುವ, ಎಂಟು ದಿನ ಓಡುವ ಗಡಿಯಾರಗಳನ್ನೇ ಡ್ಯಾಶ್‌ಬೋರ್ಡಿಗೆ ಕೂರಿಸುತ್ತಿದ್ದರು. ಆಮೇಲೆ ಬ್ಯಾಟರಿ ಇರುವಾಗ ಕೀ ಯಾಕೆ ಅಂತ ಕೀ ಕೊಡುವ ಕೆಲಸವನ್ನು ಕರೆಂಟಿಗೆ ಒಪ್ಪಿಸಿದರು. ಹೆಸರಿಗೆ ಎಲೆಕ್ಟ್ರಿಕ್ ಗಡಿಯಾರವಾದರೂ ಒಳಗಿರುವುದು ಕೈಗಡಿಯಾರದ ಹಾಗೆಯೇ ಬ್ಯಾಲೆನ್ಸ್ ವೀಲು, ಕೂದಲೆಳೆಯ ಹೇರ್‌ಸ್ಪ್ರಿಂಗು. ಕರೆಂಟು ಮುಳ್ಳನ್ನು ತಿರುಗಿಸುವುದಿಲ್ಲ. ಒಂದು ಪುಟ್ಟ ಸ್ಪ್ರಿಂಗ್ ಎರಡು ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳುತ್ತ ಬಂದ ತೋಳು ಕೊನೆಗೆ ಒಂದು ಪಾಯಿಂಟಿಗೆ ತಾಗುತ್ತದೆ. ತಾಗಿದ ತಕ್ಷಣ ಕಾಯಿಲ್‌ಗೆ ಕರೆಂಟು ಹರಿದು ಅದು ಅಯಸ್ಕಾಂತವಾಗಿ ತೋಳನ್ನು ಠಕ್ಕನೆ ಹಿಂದಕ್ಕೆ ಎಸೆಯುತ್ತದೆ. ಸ್ಪ್ರಿಂಗಿಗೆ ಕೀ ಕೊಟ್ಟಂತಾಯಿತು, ಪಾಯಿಂಟು ಬಿಟ್ಟುಕೊಂಡಿತು, ಕರೆಂಟು ನಿಂತಿತು. ಮತ್ತೆ ಎರಡು ನಿಮಿಷ ಟಿಕ್ ಟಿಕ್, ಮತ್ತೆ ಠಕ್. ಗಾಡಿ ಓಡಲಿ ಬಿಡಲಿ, ಕೀ ಇರಲಿ ಇಲ್ಲದಿರಲಿ, ಹಗಲು ರಾತ್ರಿ ಇದೇ ಕೆಲಸ. 1958ರಲ್ಲಿ ಡೇವಿಡ್ ಓಗಿಲ್ವಿ ಬರೆದ ರೋಲ್ಸ್ ರಾಯ್ಸ್ ಜಾಹೀರಾತು ಜಗತ್ಪ್ರಸಿದ್ಧ: ಅರವತ್ತು ಮೈಲಿ ವೇಗದಲ್ಲಿ ಹೋಗುವಾಗಲೂ ಆ ಕಾರಿನಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳುವುದು ಅದರ ಎಲೆಕ್ಟ್ರಿಕ್ ಗಡಿಯಾರದ ಸದ್ದು ಎಂಬರ್ಥದ್ದು. ಬಹಳ ವರ್ಷಗಳ ಮೇಲೆ ಅದನ್ನು ಓದಿದಾಗ ಉಳಿದವರಿಗೆ ಕಾರಿನ ಮೌನ ನೆನಪಾಗಿರಬಹುದು, ನನಗೆ ನೆನಪಾದದ್ದು ಆ ಠಕ್.

ಈ ಏರ್ಪಾಡಿನ ದೌರ್ಬಲ್ಯ ಅದರ ಜಾಣ್ಮೆಯಲ್ಲೇ ಇದೆ. ಬ್ಯಾಟರಿ ತುಂಬಿದ್ದರೆ ಕಾಯಿಲ್ ತೋಳನ್ನು ಜೋರಾಗಿ ಎಸೆಯುತ್ತದೆ, ಪಾಯಿಂಟುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡುತ್ತವೆ. ಬ್ಯಾಟರಿ ಇಳಿದಿದ್ದರೆ ಎಳೆತ ಸಾಲುವುದಿಲ್ಲ. ತೋಳು ಅಲ್ಲೇ ಅಂಟಿಕೊಂಡು ಪಾಯಿಂಟು ಕೂಡಿಕೊಂಡೇ ಇರುತ್ತದೆ. ಅರೆಕ್ಷಣ ಹರಿಯಬೇಕಾದ ಕರೆಂಟು ಗಂಟೆಗಟ್ಟಲೆ ಹರಿಯುತ್ತದೆ. ಕಾಯಿಲ್ ಕಾಯುತ್ತದೆ, ಪಾಯಿಂಟು ಸುಡುತ್ತದೆ, ಅಳಿದುಳಿದ ಬ್ಯಾಟರಿಯೂ ಬರಿದಾಗುತ್ತದೆ. ಕೆಲವು ಗಡಿಯಾರಗಳಲ್ಲಿ ಇದಕ್ಕೆಂದೇ ಒಂದು ಸೋಲ್ಡರ್ ಬೆಸುಗೆ ಇಟ್ಟಿರುತ್ತಾರೆ. ಕಾವು ಹೆಚ್ಚಾದರೆ ಅದು ಕರಗಿ ಸಂಪರ್ಕ ತಪ್ಪಿಸುತ್ತದೆ, ಗಡಿಯಾರ ನಿಂತರೂ ಕಾಯಿಲ್ ಉಳಿಯುತ್ತದೆ. ಗಡಿಯಾರ ಕೆಟ್ಟದ್ದರಿಂದ ಬ್ಯಾಟರಿ ಇಳಿಯಿತು ಅಂತ ದೂರುವವರ ಗಾಡಿಯಲ್ಲಿ, ಎಷ್ಟೋ ಸಲ ಬ್ಯಾಟರಿ ಇಳಿದದ್ದರಿಂದ ಗಡಿಯಾರ ಕೆಟ್ಟಿರುತ್ತದೆ.

ಅಪ್ಪ ಗಡಿಯಾರ ಬಿಚ್ಚಲು ಆತುರಪಡಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಮೊದಲು ಕರೆಂಟು ಬರುವ ತಂತಿಯನ್ನು ನೋಡಿದ. ಲ್ಯಾಂಪಿನ ಒಂದು ತುದಿಯನ್ನು ತಂತಿಗೂ ಇನ್ನೊಂದನ್ನು ಗಾಡಿಯ ಬರಿ ಕಬ್ಬಿಣಕ್ಕೂ ಹಿಡಿದಾಗ ಬಲ್ಬು ಬೆಳ್ಳಗೆ ಹೊತ್ತಿತು. ಅದೇ ತುದಿಯನ್ನು ಕಬ್ಬಿಣದಿಂದ ತೆಗೆದು ಗಡಿಯಾರದ ಡಬ್ಬಿಗೆ ಹಿಡಿದಾಗ ಕಿತ್ತಳೆ ಬಣ್ಣಕ್ಕೆ ಇಳಿಯಿತು. ‘ನೋಡು’ ಅಂತ ನನ್ನನ್ನು ಕೆಳಗೆ ಕರೆದು ಎರಡೆರಡು ಸಲ ತೋರಿಸಿದ. ಗಡಿಯಾರಕ್ಕೆ ಅರ್ತ್ ಸಿಗುವುದು ಅದರ ಡಬ್ಬಿಯ ಮೂಲಕ, ಡಬ್ಬಿಯನ್ನು ಹಿಡಿದ ಪಟ್ಟಿಯ ಮೂಲಕ. ಮಲೆನಾಡಿನ ತೇವಕ್ಕೆ ಆ ಪಟ್ಟಿಯ ತಿರುಪಿನಡಿ ತುಕ್ಕು ಕೂತಿತ್ತು. ಬ್ಯಾಟರಿ ತುಂಬಿದ್ದರೂ ಕಾಯಿಲ್‌ಗೆ ಪೂರಾ ಬಲ ಮುಟ್ಟುತ್ತಿರಲಿಲ್ಲ, ಇನ್ನು ಇಳಿದ ಬ್ಯಾಟರಿಯಲ್ಲಿ ಕೇಳಬೇಕೆ? ತುಕ್ಕು ಕೆರೆದು, ಹೊಸ ವಾಷರ್ ಹಾಕಿ, ತಿರುಪು ಬಿಗಿದ. ಬಲ್ಬು ಎರಡೂ ಕಡೆ ಒಂದೇ ಹದಕ್ಕೆ ಹೊತ್ತಿದ ಮೇಲೆಯೇ ಗಡಿಯಾರವನ್ನು ಕೆಳಗಿಳಿಸಿದ್ದು.

ಹಿಂಬದಿಯ ಮುಚ್ಚಳ ತೆಗೆದಾಗ ಪಾಯಿಂಟುಗಳು ಮಸಿ ಹಿಡಿದು, ಒಂದರಲ್ಲಿ ಗುಳಿ ಇನ್ನೊಂದರಲ್ಲಿ ಗುಬ್ಬಿ ಎದ್ದಿತ್ತು. ಡಿಸ್ಟ್ರಿಬ್ಯೂಟರ್ ಪಾಯಿಂಟು ತಿಕ್ಕಿ ಪಳಗಿದ ಕೈಗೆ ಇದೇನೂ ಹೊಸದಲ್ಲ. ನಯವಾದ ಎಮರಿ ಕಾಗದದ ಎಳೆಯೊಂದನ್ನು ನಡುವೆ ತೂರಿಸಿ ಮೆಲ್ಲಗೆ ಎಳೆದ, ಆಮೇಲೆ ಒಗೆದ ಬಟ್ಟೆಯ ಚೂರನ್ನು ಪೆಟ್ರೋಲಿನಲ್ಲಿ ಅದ್ದಿ ಒರೆಸಿದ. ಬೆಂಚಿನ ಮೇಲಿನ ಬ್ಯಾಟರಿಗೆ ತಂತಿ ಮುಟ್ಟಿಸಿದಾಗ ಠಕ್ಕೆಂದಿತು. ಬ್ಯಾಲೆನ್ಸ್ ವೀಲು ಅತ್ತ ಇತ್ತ ಆಡತೊಡಗಿತು. ನಾನು ಎಣ್ಣೆ ಡಬ್ಬಿ ಎತ್ತಿಕೊಂಡು ಬಂದೆ. ಅಪ್ಪ ಬೇಡವೆಂದು ಕೈಯಾಡಿಸಿದ. ಅದು ಡೈನಮೋ ಬುಷ್ಷಿಗೆ ಬಿಡುವ ಎಣ್ಣೆ. ಹೇರ್‌ಸ್ಪ್ರಿಂಗಿಗೆ ಒಂದು ಹನಿ ತಾಗಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸ್ಪ್ರಿಂಗ್ ಗಿಡ್ಡವಾದಂತಾಗಿ ಗಡಿಯಾರ ಕುದುರೆಯಾಗುತ್ತದೆ.

ಅಲ್ಲಿಗೆ ಮಳೆಗಾಲದ ಕಾಯಿಲೆ ಮುಗಿಯಿತು. ಓಡಿಹೋಗುವ ಕಾಯಿಲೆ ಹಾಗೇ ಉಳಿಯಿತು. ಬೆಂಚಿನ ಮೇಲೆ ಬೆಳಗ್ಗೆ ರೇಡಿಯೋದ ಪಿಪ್ ಸದ್ದಿಗೆ ಸರಿಮಾಡಿಟ್ಟ ಗಡಿಯಾರ ಮರುದಿನ ಅದೇ ಹೊತ್ತಿಗೆ ನಾಲ್ಕೈದು ನಿಮಿಷ ಮುಂದಿತ್ತು. ಎಣ್ಣೆ ತಾಗಿರಲಿಲ್ಲ. ಕರೆಂಟಿನ ಕೆಲಸವೆಲ್ಲ ಸರಿಯಾಗಿತ್ತು. ಅಪ್ಪ ಗಡಿಯಾರವನ್ನು ಕರ್ಚೀಫಿನಲ್ಲಿ ಸುತ್ತಿ, ‘ಇದಿನ್ನು ನಮ್ಮ ಕೆಲಸ ಅಲ್ಲ, ಸಾಬರ ಹತ್ರ ಹೋಗ್ಬಾ’ ಎಂದ.

ವಾಚ್ ಸಾಬರು ಕೂರುತ್ತಿದ್ದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಮಾಳಿಗೆ ಮೆಟ್ಟಿಲ ಕೆಳಗೆ, ಗಾಜಿನ ಪೆಟ್ಟಿಗೆಯಂಥ ಅಂಗಡಿಯಲ್ಲಿ. ಮುಂದೆ ಸಾಲಾಗಿ ಎಚ್‌ಎಂಟಿ ಜನತಾ, ಪೈಲಟ್, ಕೊಹಿನೂರ್ ತೂಗುತ್ತಿದ್ದವು. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾದ ಮೇಲೆ ಊರೂರಿನ ರಿಪೇರಿಯವರ ಪೆಟ್ಟಿಗೆ ತುಂಬಿದ್ದು ಹೀಗೆ. ಕೀ ಕೊಟ್ಟು ಓಡಿಸುವ ವಾಚು ನಮ್ಮ ಜನರ ಕೈಗೆ ಬಂದದ್ದೂ ಹೆಚ್ಚಾಗಿ ಆಗಲೇ. ಸಾಬರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಗಡಿಯಾರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೇರ್‌ಸ್ಪ್ರಿಂಗ್ ಸುರುಳಿ ಬಿಡಿಬಿಡಿಯಾಗಿತ್ತು. ಅಯಸ್ಕಾಂತ ಹಿಡಿದಿದೆಯೋ ಎಂದು ಪುಟ್ಟ ದಿಕ್ಸೂಚಿಯನ್ನು ಹತ್ತಿರ ತಂದರು. ಮುಳ್ಳು ಅಲುಗಲಿಲ್ಲ. ಆಮೇಲೆ ಅವರ ಕಣ್ಣು ರೆಗ್ಯುಲೇಟರ್ ಮೇಲೆ ನಿಂತಿತು. ಹೇರ್‌ಸ್ಪ್ರಿಂಗಿನ ಉದ್ದವನ್ನು ಗಿಡ್ಡ-ನೀಳ ಮಾಡುವ ಸಣ್ಣ ಕೈ ಅದು. ವೇಗಕ್ಕೆ ಎಫ್, ನಿಧಾನಕ್ಕೆ ಎಸ್ ಎಂಬ ಗುರುತುಗಳ ನಡುವೆ ಆಡುತ್ತದೆ. ಇದರಲ್ಲಿ ಎಫ್ ಕಡೆಗೆ ತೀರಾ ಸರಿದಿತ್ತು.

ಸಾಬರು ಅದನ್ನು ನಡುವಿಗೆ ತಂದು ಕೊಟ್ಟುಬಿಡಬಹುದಿತ್ತು. ಕೊಡಲಿಲ್ಲ. ಟೈಮ್ ಸರಿಮಾಡುವ ಗುಂಡಿಯನ್ನು ಎಳೆದು ಮುಳ್ಳನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿದರು. ರೆಗ್ಯುಲೇಟರಿನ ಕೈ ಕೂದಲೆಳೆಯಷ್ಟು ಎಫ್ ಕಡೆಗೆ ಸರಿಯಿತು. ಠಕ್ ಅನ್ನುವವರೆಗೆ ಕಾದು, ಹಿಂದಕ್ಕೆ ತಿರುಗಿಸಿದರು. ಎಸ್ ಕಡೆಗೆ ಸರಿಯಿತು. ಮಸೂರ ಕಳಚಿ ನನ್ನ ಮುಖ ನೋಡಿ, ‘ಇದಕ್ಕೆ ಯಾರೋ ಸುಳ್ಳು ಹೇಳ್ಕೊಟ್ಟಿದ್ದಾರೆ ಮರಿ’ ಅಂದರು.

ಸಾಹುಕಾರರ ಡಿಕ್ಕಿಯಲ್ಲಿ ಆ ಗಾಡಿಯ ದಪ್ಪ ಶಾಪ್ ಮ್ಯಾನ್ಯುಯಲ್ ಇತ್ತು. ಹೈಸ್ಕೂಲಿನ ಇಂಗ್ಲಿಷಿನಲ್ಲಿ ತಡವರಿಸುತ್ತ ಗಡಿಯಾರದ ಪುಟ ಓದಿ ಅಪ್ಪನಿಗೆ ಹೇಳಿದೆ. ಸಾಬರು ಕಣ್ಣಿನಿಂದ ಕಂಡುಹಿಡಿದದ್ದೇ ಅಲ್ಲಿ ಅಚ್ಚಾಗಿತ್ತು. ಗಡಿಯಾರ ನಿಧಾನವಾಗಿದ್ದು ನೀವು ಮುಳ್ಳನ್ನು ಮುಂದಕ್ಕೆ ತಂದರೆ, ಅದು ತನ್ನ ವೇಗವನ್ನೂ ಸ್ವಲ್ಪ ಹೆಚ್ಚಿಸಿಕೊಳ್ಳುತ್ತದೆ. ಮುಂದೋಡುತ್ತಿದ್ದು ಹಿಂದಕ್ಕೆ ತಂದರೆ ವೇಗ ತಗ್ಗಿಸಿಕೊಳ್ಳುತ್ತದೆ. ಒಂದು ಸಲ ತಿದ್ದಿದರೆ ದಿನಕ್ಕೆ 10ರಿಂದ 15 ಸೆಕೆಂಡಿನಷ್ಟು ವ್ಯತ್ಯಾಸ. ಒಂದು ಠಕ್‌ನಿಂದ ಇನ್ನೊಂದು ಠಕ್‌ವರೆಗೆ ಎಷ್ಟು ಸಲ ತಿರುಗಿಸಿದರೂ ಒಂದೇ ಲೆಕ್ಕ. ದಿನಕ್ಕೆ 10 ನಿಮಿಷಕ್ಕಿಂತ ಹೆಚ್ಚು ತಪ್ಪುವ ಗಡಿಯಾರ ಹೀಗೆ ತಿದ್ದಿಕೊಳ್ಳಲಾರದು, ಅದನ್ನು ರಿಪೇರಿಗೇ ಕೊಡಬೇಕು. ಲಕ್ಷಗಟ್ಟಲೆ ಕಾರು ಮಾರುವ ದೇಶದಲ್ಲಿ ಪ್ರತಿಯೊಬ್ಬ ಗಿರಾಕಿಯೂ ಗಡಿಯಾರದ ರಿಪೇರಿಯವನನ್ನು ಹುಡುಕಿಕೊಂಡು ಹೋಗಲಾರನೆಂದು, ಸೀಟಿನಲ್ಲಿ ಕೂತವನನ್ನೇ ಅದರ ಮೇಷ್ಟ್ರನ್ನಾಗಿ ಮಾಡಿದ್ದರು.

ಹಾಗಾದರೆ ಈ ಗಡಿಯಾರದ ಮೇಷ್ಟ್ರು ಯಾರು? ಗಾಡಿ ಒಯ್ಯಲು ಡ್ರೈವರ್ ಬಂದಾಗ ಅಪ್ಪ ಅವನಿಗೆ ಟೀ ತರಿಸಿ ಕೂರಿಸಿಕೊಂಡ.

‘ಚಾರ್ಜಿಗೆ ಕಳ್ಸಿದ ಬ್ಯಾಟ್ರಿ ವಾಪಸ್ ಬಂದ್ಮೇಲೆ ಟೈಮ್ ಹೆಂಗೆ ಸೆಟ್ ಮಾಡ್ತೀಯಪ್ಪ?’

‘ಮುಂದಕ್ಕೆ ತಿರುಗ್ಸಿ ಮಾಡ್ತೀನಿ ಸಾಮಿ.’

‘ಮುಂದೆ ಓಡಿರುತ್ತಲ್ಲ, ಆವಾಗ?’

‘ಆವಾಗ್ಲೂ ಮುಂದಕ್ಕೇ. ಗಡಿಯಾರ ಹಿಂದಕ್ಕೆ ತಿರುಗಿಸಬಾರ್ದು ಅಂತಾರಲ್ಲ. ಒಂದು ಸುತ್ತು ಹಾಕಿ ತಂದು ನಿಲ್ಲಿಸ್ತೀನಿ.’

ಅಪ್ಪ ನಕ್ಕುಬಿಟ್ಟ. ಡ್ರೈವರಿನ ಮಾತು ತಪ್ಪೇನಲ್ಲ. ಗಂಟೆ ಹೊಡೆಯುವ ಗೋಡೆ ಗಡಿಯಾರವಿದ್ದ ಮನೆಗಳಲ್ಲೆಲ್ಲ ಈ ಮಾತಿತ್ತು. ಹಿಂದಕ್ಕೆ ತಿರುಗಿಸಿದರೆ ಹೊಡೆಯುವ ಲೆಕ್ಕ ತಪ್ಪುತ್ತದೆಂದು ನಮ್ಮಜ್ಜಿಯೂ ಮುಟ್ಟಗೊಡುತ್ತಿರಲಿಲ್ಲ. ಸಾಹುಕಾರರ ಹಜಾರದಲ್ಲೂ ಅಂಥದ್ದೊಂದು ಇತ್ತಂತೆ, ಅದರ ನಿಯಮವನ್ನು ಈತ ಕಾರಿಗೂ ತಂದಿದ್ದ. ಬ್ಯಾಟರಿ ಇಲ್ಲದೆ ನಿಂತ ಗಡಿಯಾರಕ್ಕೆ ‘ನೀನು ನಿಧಾನ’ ಎಂದು ಹೇಳಿದ್ದಾಯಿತು. ಅದು ವೇಗ ಹೆಚ್ಚಿಸಿಕೊಂಡಿತು. ಮುಂದೋಡಿದಾಗಲೂ ಸುತ್ತು ಹಾಕಿ ‘ಇನ್ನೂ ನಿಧಾನ’ ಎಂದದ್ದಾಯಿತು. ಇನ್ನಷ್ಟು ಓಡಿತು. ಓಡಿದಷ್ಟೂ ಹೆಚ್ಚು ಸಲ ತಿದ್ದಬೇಕಾಯಿತು, ತಿದ್ದಿದಷ್ಟೂ ಓಡಿತು. ವರ್ಷಗಟ್ಟಲೆ ಹತ್ತು-ಹದಿನೈದು ಸೆಕೆಂಡುಗಳು ಕೂಡಿ ಕೂಡಿ ನಿಮಿಷಗಳಾಗಿದ್ದವು. ಯಂತ್ರದಲ್ಲಿ ಒಂದು ಹಲ್ಲೂ ಸವೆದಿರಲಿಲ್ಲ. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು.

ಸಾಬರು ರೆಗ್ಯುಲೇಟರನ್ನು ನಡುವಿಗೆ ತಂದುಕೊಟ್ಟರು. ಉಳಿದದ್ದು ಡ್ರೈವರಿಗೆ ಪಾಠ ಹೇಳುವ ಕೆಲಸ. ರೇಡಿಯೋ ವಾರ್ತೆಯ ಪಿಪ್‌ಗೆ ನೋಡಿ, ಹಿಂದಿದ್ದರೆ ಮುಂದಕ್ಕೆ, ಮುಂದಿದ್ದರೆ ಧೈರ್ಯವಾಗಿ ಹಿಂದಕ್ಕೆ ತಿರುಗಿಸು ಎಂದ ಅಪ್ಪ. ಬ್ಯಾಟರಿ ಬಿಚ್ಚಿದಾಗ ನಿಂತ ಗಡಿಯಾರವನ್ನು ಮಾತ್ರ ಮುಟ್ಟಲೇಬೇಡ, ಅದು ಎಷ್ಟು ಗಂಟೆಗೆ ನಿಂತಿದೆಯೋ ಅದೇ ಗಂಟೆ ಬರುವವರೆಗೆ ಕಾದು ಬ್ಯಾಟರಿ ಕೊಡು ಎಂದ. ಇದು ಮ್ಯಾನ್ಯುಯಲ್ಲಿನಲ್ಲಿ ಇರಲಿಲ್ಲ, ಅಪ್ಪನದೇ ಉಪಾಯ. ದಿನಕ್ಕೆ ಎರಡು ಸಲ ಆ ಹೊತ್ತು ಬಂದೇ ಬರುತ್ತದಲ್ಲ.

ಬ್ಯಾಟರಿ ಕೊಡುವ ಕ್ರಮ ಮಾತ್ರ ಮ್ಯಾನ್ಯುಯಲ್ಲಿನದೇ, ನೋಡಲು ಪೂಜೆಯಂತಿತ್ತು. ಗಾಡಿಯ ದೀಪಗಳೆಲ್ಲ ಆರಿರಬೇಕು. ಪ್ಲಸ್ ಟರ್ಮಿನಲ್ ಬಿಗಿದ ಮೇಲೆ ಮೈನಸ್ ತಂತಿಯನ್ನು ಬ್ಯಾಟರಿಯ ಕಂಬಕ್ಕೆ ಒಮ್ಮೆ ಒತ್ತಿ ತೆಗೆಯಬೇಕು. ತಕ್ಷಣ ಮತ್ತೆ ತಾಗಿಸಬೇಕು. ಕಿಡಿ ಹಾರಿದರೆ ಸ್ಪ್ರಿಂಗಿಗೆ ಪೂರಾ ಕೀ ಆಗಿಲ್ಲ, ಕಾಯಿಲ್ ಇನ್ನೂ ಕರೆಂಟು ಕುಡಿಯುತ್ತಿದೆ ಎಂದರ್ಥ. ಆಗ ಟಿಕ್ ಟಿಕ್ ನಿಲ್ಲುವವರೆಗೆ ಕಾದು ಮೊದಲಿನಿಂದ ಶುರು. ಕಿಡಿ ಹಾರದಿದ್ದರೆ ಕೀ ಆಗಿದೆ, ಆ ಎರಡು ನಿಮಿಷ ಮುಗಿಯುವುದರೊಳಗೆ ತಂತಿ ಬಿಗಿದುಬಿಡಬೇಕು. ಸಡಿಲ ಕ್ಲಾಂಪನ್ನು ಅಲ್ಲಾಡಿಸುತ್ತ ಕೂರಿಸುವ ನಮ್ಮ ಅಭ್ಯಾಸದಲ್ಲಿ ಗಡಿಯಾರಕ್ಕೆ ಅರೆಬರೆ ಎಳೆತ ಸಿಕ್ಕಿ ಪಾಯಿಂಟು ಸುಡುತ್ತಿದ್ದದ್ದು ಆಗ ಹೊಳೆಯಿತು. ಡ್ರೈವರ್ ಇದನ್ನು ಕಲಿತದ್ದಷ್ಟೇ ಅಲ್ಲ, ಎಸ್ಟೇಟಿನಲ್ಲಿ ಬೇರೆ ಯಾರಿಗೂ ಆ ಬ್ಯಾಟರಿ ಮುಟ್ಟಲು ಬಿಡದಾದ.

ಮುಂದಿನ ಬೇಸಿಗೆಯಲ್ಲಿ ಸಾಹುಕಾರರು ಪತ್ನಿ ಸಮೇತ ಬಂದಿದ್ದರು. ಗಡಿಯಾರ ಹೇಗಿದೆ ಅಂತ ಅಪ್ಪ ಕೇಳಿದಾಗ ಉತ್ತರ ಹೇಳಿದ್ದು ಅಮ್ಮಾವರು: ‘ಚೆನ್ನಾಗಿದೆ. ಇಷ್ಟು ದಿನ ಲಗ್ನಕ್ಕೆ ತಡ ಆದ್ರೆ ಗಡಿಯಾರದ ಮೇಲೆ ಹೇಳ್ತಿದ್ರು. ಈಗ ಏನು ಹೇಳ್ತಾರೋ ನೋಡ್ಬೇಕು.’

ಅಂಗಡಿ ಆಮೇಲೆ ನನ್ನ ಕೈಗೆ ಬಂತು. ಗಡಿಯಾರಗಳು ಕ್ವಾರ್ಟ್ಜ್ ಆದವು. ಮುಖ ಅದೇ, ಮುಳ್ಳು ಅವೇ. ಒಳಗೆ ಹರಳೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಒಂದಾಗುತ್ತದೆ, ಸೆಕೆಂಡಿಗೊಂದು ಮಿಡಿತ ಸಿಗುತ್ತದೆ. ಇದಕ್ಕೆ ಯಾರ ಪಾಠವೂ ಬೇಡ. ಮುಂದಕ್ಕೆ ತಿರುಗಿಸಿದರೂ ಹಿಂದಕ್ಕೆ ತಿರುಗಿಸಿದರೂ ತನ್ನ ವೇಗ ಬಿಡುವುದಿಲ್ಲ. ಕೆಡುವುದು ಬೇರೆ ಬಗೆಯಲ್ಲಿ: ವರ್ಷಗಳ ಬಿಸಿಲಿಗೆ ಕೆಪಾಸಿಟರ್ ಒಳಗೊಳಗೇ ಒಣಗುತ್ತದೆ, ಇಲ್ಲವೇ ಸೋಲ್ಡರಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಬಿರುಕಿದ್ದರೆ ಬಿಸಿಗೆ ಹಿಗ್ಗಿದಾಗ ಕೂಡಿಕೊಳ್ಳುತ್ತದೆ, ತಂಪಿಗೆ ಕುಗ್ಗಿದಾಗ ಬಿಡುತ್ತದೆ. ಕೆಲವುಗಳಲ್ಲಿ ಇದು ತಿರುಗುಮುರುಗು. ಬೆಂಚಿನ ಮೇಲಿಟ್ಟರೆ ದಿನವಿಡೀ ಓಡಿ ನಮ್ಮನ್ನೇ ಸುಳ್ಳುಗಾರರನ್ನಾಗಿ ಮಾಡುತ್ತದೆ. ಮೀಟರ್ ಹಿಡಿದರೂ ಸಿಗುವುದಿಲ್ಲ. ಸಿಗುವುದು ಗಾಡಿಯವರ ಬಾಯಲ್ಲಿ.

ಅದಕ್ಕೇ ನಮ್ಮ ಹುಡುಗರಿಗೆ ನಾನು ಹೇಳುವುದಿಷ್ಟೇ. ಪೂರ್ತಿ ನಿಂತದ್ದನ್ನು ರಿಪೇರಿ ಮಾಡಲು ಸ್ಕ್ರೂ ಡ್ರೈವರ್ ಸಾಕು. ಒಮ್ಮೆ ಓಡಿ ಒಮ್ಮೆ ಕೈಕೊಡುವುದಕ್ಕೆ ಮೊದಲು ಕಿವಿ ಬೇಕು. ಬೆಳಗ್ಗೆ ನಿಲ್ಲುತ್ತೋ ಮಧ್ಯಾಹ್ನವೋ? ಗಾಡಿ ಎಷ್ಟು ದಿನ ಶೆಡ್ಡಿನಲ್ಲಿತ್ತು? ಹೋದ ಸಲ ಬ್ಯಾಟರಿ ಬಿಚ್ಚಿದ್ದು ಯಾವಾಗ, ಆಮೇಲೆ ಅದನ್ನು ಮುಟ್ಟಿದವರು ಯಾರು? ಮಾಲೀಕರನ್ನು ಕೇಳಿದರೆ ‘ಗೊತ್ತಿಲ್ಲ ಕಣ್ರೀ’ ಅಂತಾರೆ. ಡ್ರೈವರಿಗೆ ಒಂದು ಟೀ ತರಿಸಿ ಕೇಳಬೇಕು.